ಹಿಡಿಯಷ್ಟು ಕಡಲು

ಆಷಾಢದಲ್ಲಿ ಹೊಸ ನೀರು ಬಂದಾಗ ಚುಂಚನಕಟ್ಟೆಯ ಕಾವೇರಿ ಕೆಂಪಗೆ ಧುಮುಕುತ್ತಾಳೆ. ಬೊಗಸೆಯಲ್ಲಿ ಎತ್ತಿದರೆ ಅಂಗೈಯ ಗೆರೆ ಕಾಣದಷ್ಟು ಮಣ್ಣು. ಆ ನೀರಲ್ಲೇ ಮೀನುಗಳು ಬದುಕುತ್ತವೆ, ಮರಿ ಮಾಡುತ್ತವೆ. ಆದರೆ ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯ ತಿಳಿ ಉಪ್ಪುನೀರಿನಲ್ಲಿ ಬಿಟ್ಟ ಎರಡು ಮೀನುಗಳು ಆರನೇ ದಿನ ಸತ್ತವು.

“ನೀರು ಕನ್ನಡಿಯಂಗೈತಲ್ಲ ಮಗ, ಮೀನ್ಯಾಕೆ ಸತ್ತೋದ್ವು?” ಎಂದಳು ಅವ್ವ. ಅವತ್ತು ನನ್ನಲ್ಲಿ ಉತ್ತರವಿರಲಿಲ್ಲ.

ಕಡಲನ್ನು ಮನೆಗೆ ತರುವ ಆಸೆ ಹುಟ್ಟಿದ್ದು ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದಲ್ಲಿ. ಮುಖಕ್ಕೆ ಗಾಜು ಕಟ್ಟಿಕೊಂಡು ನೀರಿನೊಳಗೆ ಇಣುಕಿದಾಗ ಕಂಡ ಹವಳ, ಅದರ ಸಂದಿಗಳಲ್ಲಿ ಆಡುವ ಬಣ್ಣದ ಮೀನು ಊರಿಗೆ ಬಂದರೂ ಕಣ್ಣು ಬಿಡಲಿಲ್ಲ. ತೊಟ್ಟಿಗೆ ಹವಳದ ತುಂಡು ತರಿಸುವವನಿದ್ದೆ. ಅರಣ್ಯ ಇಲಾಖೆಯಲ್ಲಿರುವ ಗೆಳೆಯ ತಡೆದ. ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲ 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹುಲಿ, ಆನೆಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಅದಕ್ಕೇ ನನ್ನ ತೊಟ್ಟಿಯಲ್ಲಿ ಹವಳವಿಲ್ಲ. ಸುಟ್ಟ ಮಣ್ಣಿನ ತೂತುಗಲ್ಲುಗಳಿವೆ, ಕಡಲಿಂದ ಹಿಡಿಯದೆ ಮರಿ ಮಾಡಿಸಿ ಬೆಳೆಸಿದ ಎರಡು ಕ್ಲೌನ್ ಮೀನುಗಳಿವೆ. ಇವುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಕೊಳ್ಳುವವರು ಅಂಥವನ್ನೇ ಕೇಳಿ ಕೊಳ್ಳಬೇಕು.

ಮೊದಲ ಜೋಡಿ ಸತ್ತ ಮೇಲೆ ನೀರು ಪರೀಕ್ಷಿಸುವ ಕಿಟ್ ತರಿಸಿದೆ. ಗಾಜಿನ ನಳಿಗೆಯಲ್ಲಿ ಐದು ಎಂ.ಎಲ್. ನೀರಿಗೆ ಹನಿ ಬಿಟ್ಟೆ. ಹಳದಿಯಾಗಿಯೇ ಉಳಿಯಬೇಕಿದ್ದ ನೀರು ನೋಡನೋಡುತ್ತ ಕಡುಹಸಿರಾಯಿತು. ಅಮೋನಿಯ! ಮೀನಿನ ಉಸಿರು, ಮಲ, ಮಿಕ್ಕ ಆಹಾರದಿಂದ ಹುಟ್ಟುವ ಈ ವಿಷಕ್ಕೆ ಬಣ್ಣವೇ ಇಲ್ಲ. ಪಿಎಚ್ ಏರಿದಷ್ಟೂ ಅದರ ಕಟುತನ ಹೆಚ್ಚು. ಕಡಲನೀರಿನ ಪಿಎಚ್ 8.2ರ ಆಸುಪಾಸು. ಹೊಳೆಯ ಮಣ್ಣು ವಿಷವಲ್ಲ, ಹರಿವು ಕೊಳೆಯನ್ನು ನಿಲ್ಲಗೊಡುವುದಿಲ್ಲ. ನನ್ನ ತೊಟ್ಟಿಯಲ್ಲಿ ಕೊಳೆಗೆ ಹೋಗಲು ದಾರಿಯೇ ಇರಲಿಲ್ಲ.

ಆ ದಾರಿ ಮಾಡಿಕೊಡುವುದು ಬ್ಯಾಕ್ಟೀರಿಯಾ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಎರಡನೇ ಸಲ ಮೀನು ಬಿಡದೆ ತೊಟ್ಟಿಗೆ ಒಂದೇ ಒಂದು ಸಿಗಡಿ ಹಾಕಿ ಕೊಳೆಯಲು ಬಿಟ್ಟೆ. ಅಮೋನಿಯ ಏರಿತು, ಇಳಿಯಿತು. ನೈಟ್ರೈಟ್ ಏರಿತು, ಇಳಿಯಿತು. ಎರಡೂ ಸೊನ್ನೆಗೆ ಬರಲು ಆರು ವಾರ ಹಿಡಿಯಿತು. ಖಾಲಿ ತೊಟ್ಟಿ ನೋಡುತ್ತ ಕೂತ ಆ ಆರು ವಾರಗಳೇ ನನ್ನ ದೊಡ್ಡ ಪಾಠ.

ಆಮೇಲೆ ಹೊಸ ಜೋಡಿ ಮೀನು ಬಿಟ್ಟೆ. ಮಾಘದ ಬಿಸಿಲಲ್ಲಿ ಮತ್ತೆ ಎಡವಿದೆ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಆರ್‌ಒ ನೀರಿಗೆ ಕಡಲಮೀನಿನ ತೊಟ್ಟಿಗೆಂದೇ ಮಾಡಿದ ಉಪ್ಪು ಬೆರೆಸುತ್ತಿದ್ದೆ. ಅಡುಗೆ ಉಪ್ಪು ನಡೆಯುವುದಿಲ್ಲ, ಕಡಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿಲ್ಲ. ಬೋರ್‌ವೆಲ್ ನೀರು ಪರೀಕ್ಷಿಸಿದಾಗ ಗದ್ದೆಗೊಬ್ಬರದ ನೈಟ್ರೇಟ್ ಕಂಡಿತ್ತು, ಅದನ್ನೂ ಬಿಟ್ಟಿದ್ದೆ. ಆದರೆ ತೊಟ್ಟಿಯ ನೀರು ಇಳಿದಾಗಲೆಲ್ಲ ಉಪ್ಪುನೀರನ್ನೇ ತುಂಬುತ್ತಿದ್ದೆ. ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತಿತ್ತು, ಮೀನು ಮೂಲೆ ಹಿಡಿದವು. 1.025 ಇರಬೇಕಾದ ಸಾಂದ್ರತೆ 1.031ಕ್ಕೆ ಏರಿತ್ತು.

ಅವ್ವ ಒಲೆಯ ಮುಂದಿನಿಂದಲೇ ಅಂದಳು: “ಸಾರು ಇಂಗಿದ್ರೆ ನೀರು ಉಯ್ತಾರೆ ಕಣೋ, ಉಪ್ಪು ಹಾಕ್ತಾರಾ?”

ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅವತ್ತಿನಿಂದ ದಿನಾ ತುಸು ಉಪ್ಪುನೀರು ತೆಗೆದು ಬರಿಯ ಆರ್‌ಒ ನೀರು ಹಾಕುತ್ತ ಒಂದು ವಾರದಲ್ಲಿ ನಿಧಾನವಾಗಿ ಸಾಂದ್ರತೆ ಇಳಿಸಿದೆ. ಒಮ್ಮೆಲೇ ಇಳಿಸಿದ್ದರೆ ಆ ಹೊಡೆತಕ್ಕೇ ಮೀನು ಸಾಯಬಹುದಿತ್ತು.

ಬೇಸಿಗೆಯಲ್ಲಿ ತೊಟ್ಟಿಯ ಮೇಲೆ ಚಿಕ್ಕ ಫ್ಯಾನು ಹಾಕಿ 27 ಡಿಗ್ರಿಗೆ ಹಿಡಿದಿಡುತ್ತೇನೆ. ಬಿಸಿನೀರಲ್ಲಿ ಆಮ್ಲಜನಕ ಕಡಿಮೆ, ಕರೆಂಟು ಹೋದರೆ ಗಾಳಿಯೂ ನಿಲ್ಲುತ್ತದೆ. ಬ್ಯಾಟರಿಯ ಏರ್ ಪಂಪು ಪಕ್ಕದಲ್ಲೇ ಇರುತ್ತದೆ. ಕಡಲಿಗೆ ಫ್ಯಾನು ಹಾಕುವವರು ಯಾರು? ನೀರು ವಾಡಿಕೆಯ ಬೇಸಿಗೆಗಿಂತ ಒಂದೇ ಡಿಗ್ರಿ ಏರಿ ಕೆಲವು ವಾರ ನಿಂತರೂ ಹವಳ ಬಿಳಿಚಿಕೊಳ್ಳುತ್ತದೆ. ಲೋಕದ ಕಡಲುಗಳಲ್ಲಿ ನಾಲ್ಕನೇ ಸಲ ಅಂಥ ವ್ಯಾಪಕ ಬಿಳಿಚುವಿಕೆ ನಡೆಯುತ್ತಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದಾಗ, ಒಂದು ಡಿಗ್ರಿ ಅಂದರೆ ಏನೆಂದು ನನಗೆ ಗೊತ್ತಿತ್ತು.

ಈಗ ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸುತ್ತೇನೆ, ಪರೀಕ್ಷೆಯ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಮೀನು ಸಾಕುತ್ತೇನೆಂದು ಹೊರಟವನು ನೀರು ಸಾಕುವುದನ್ನು ಕಲಿತೆ. ಗಾಜಿಗೆ ಅಂಟಿಸಿದ ಟೇಪಿನ ಗೆರೆಯನ್ನು ಅವ್ವ ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಾಳೆ. ನೀರು ಒಂದು ಬೆರಳು ಇಳಿದಿದ್ದರೆ, ನನ್ನನ್ನು ಎಬ್ಬಿಸದೆ, ಆರ್‌ಒ ಕ್ಯಾನಿನಿಂದ ಒಂದು ಚೊಂಬು ಸಿಹಿನೀರು ಉಯ್ಯುತ್ತಾಳೆ.