ಟ್ರ್ಯಾಕ್ಟರ್ ಬ್ಯಾಟರಿ: ಆಯ್ಕೆ ಮತ್ತು ಪೋಷಣೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಟಾವಾದ ಕಬ್ಬನ್ನು ಕಾರ್ಖಾನೆಗೋ ಆಲೆಮನೆಗೋ ಮುಟ್ಟಿಸುವ ಕೆಲಸ ಬಹುಮಟ್ಟಿಗೆ ಟ್ರ್ಯಾಕ್ಟರಿನದು. ಕಡಿದ ಕಬ್ಬು ಒಂದು ದಿನದೊಳಗೆ ಗಾಣ ಸೇರುವುದು ಒಳ್ಳೆಯದು. ತಡವಾದಷ್ಟೂ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಟ್ರೇಲರ್ ತುಂಬಿ ನಿಂತಿರುವ ಬೆಳಗಿನಲ್ಲಿ ಸೆಲ್ಫ್ ಮೋಟಾರು ‘ಟಕ್’ ಎಂದು ಸುಮ್ಮನಾದರೆ ಆ ದಿನದ ನಷ್ಟ ಬ್ಯಾಟರಿಯ ಬೆಲೆಗಷ್ಟೇ ನಿಲ್ಲುವುದಿಲ್ಲ. ರಾತ್ರಿ ವೇಳೆ ಎಂಜಿನ್ ನಿಂತು, ಬ್ಯಾಟರಿಯಲ್ಲಿ ಶಕ್ತಿಯಿಲ್ಲದೆ ಹಿಂದಿನ ಕೆಂಪು ದೀಪವೂ ಉರಿಯದಿದ್ದರೆ, ರಸ್ತೆ ಬದಿಯ ಆ ಟ್ರೇಲರ್ ಹಿಂದಿನಿಂದ ಬರುವವರ ಪ್ರಾಣಕ್ಕೇ ಸಂಚಕಾರ.

ಬ್ಯಾಟರಿ ಕೆಟ್ಟಾಗ ‘ಹಂಗಾಮಿನಲ್ಲಿ ಬಹಳ ದುಡಿಯಿತು, ಹೋಯಿತು’ ಎನ್ನುವುದು ವಾಡಿಕೆ. ಆದರೆ ಎಷ್ಟೋ ಬ್ಯಾಟರಿಗಳು ಕೆಡುವುದು ದುಡಿಮೆಯಿಂದಲ್ಲ, ಕೆಲಸವಿಲ್ಲದ ತಿಂಗಳುಗಳಲ್ಲಿ ಅರೆಹೊಟ್ಟೆಯಲ್ಲಿ ಬಿದ್ದಿರುವುದರಿಂದ. ಈ ಒಂದು ಅಂಶವನ್ನು ಅರಿತರೆ ಪೋಷಣೆಯ ಕ್ರಮಗಳೆಲ್ಲವೂ ಸುಲಭವಾಗಿ ಅರ್ಥವಾಗುತ್ತವೆ.

ಬ್ಯಾಟರಿಯ ಒಳಗೆ

ಸೀಸ–ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ರೂಪಿಸಿದರು. ಇಂದಿನ ಟ್ರ್ಯಾಕ್ಟರ್ ಬ್ಯಾಟರಿಯ ತತ್ವವೂ ಅದೇ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಪ್ರತಿ ಕೋಶದಲ್ಲಿ ಸೀಸದ ತಟ್ಟೆಗಳೂ ಸೀಸದ ಡೈಆಕ್ಸೈಡ್ ತಟ್ಟೆಗಳೂ ತೆಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತನ್ನು ಬಳಸಿದಂತೆಲ್ಲ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟ್ ಬಿಟ್ಟುಹೋಗಿ ಆಮ್ಲ ಮತ್ತೆ ಗಟ್ಟಿಯಾಗುತ್ತದೆ.

ಚಾರ್ಜ್ ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಈ ಸಲ್ಫೇಟ್ ಗಟ್ಟಿ ಹರಳಾಗಿ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಮುಂದೆ ಚಾರ್ಜ್ ಮಾಡಿದರೂ ಪೂರ್ತಿ ಬಿಡುವುದಿಲ್ಲ. ಇದು ಹೂಳು ತುಂಬಿದ ಕೆರೆಯಂತೆ: ಏರಿಯವರೆಗೆ ನೀರು ಕಂಡರೂ ಗದ್ದೆಗೆ ಹರಿಸಲು ಹೊರಟರೆ ಎರಡು ದಿನಕ್ಕೆ ಮುಗಿದುಹೋಗುತ್ತದೆ.

ಆಯ್ಕೆ

ಬ್ಯಾಟರಿಯ ಶಕ್ತಿಯನ್ನು ಆಂಪಿಯರ್-ಅವರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಇದನ್ನು 20 ಗಂಟೆಗಳ ಲೆಕ್ಕದಲ್ಲಿ ಕೊಡುತ್ತಾರೆ. 80 ಆಂಪಿಯರ್-ಅವರ್ ಬ್ಯಾಟರಿ 4 ಆಂಪಿಯರ್ ವಿದ್ಯುತ್ತನ್ನು 20 ಗಂಟೆ ಕಾಲ ಕೊಡಬಲ್ಲದು. ನಮ್ಮ ಭಾಗದ ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ 75ರಿಂದ 100 ಆಂಪಿಯರ್-ಅವರ್‌ವರೆಗಿನ ಬ್ಯಾಟರಿ ಹಾಕುತ್ತಾರೆ. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೇಳಿದ ಅಳತೆಗಿಂತ ಕಡಿಮೆಯದನ್ನು ಅಗ್ಗವೆಂದು ಕೊಳ್ಳಬಾರದು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು:

1. ತಯಾರಾದ ತಿಂಗಳು ಮತ್ತು ವರ್ಷವನ್ನು ಕೇಳಿ ತಿಳಿಯಿರಿ. ಆಮ್ಲ ತುಂಬಿಸಿ ಅಂಗಡಿಯಲ್ಲಿ ಬಹುಕಾಲ ಕುಳಿತ ಬ್ಯಾಟರಿ ಹೊಸದಾದರೂ ಸೊರಗಿರುತ್ತದೆ.

2. ಅಂಗಡಿಯಲ್ಲೇ ವೋಲ್ಟ್ ಮೀಟರ್ ಇಡಿಸಿ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಮಾಡಿಸದೆ ತರಬೇಡಿ.

3. ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಟ್ರ್ಯಾಕ್ಟರಿಗೆ, ಟ್ರ್ಯಾಕ್ಟರಿನದನ್ನು ಇನ್ವರ್ಟರಿಗೆ ಹಾಕಬೇಡಿ. ಸೆಲ್ಫ್ ಮೋಟಾರು ಕೆಲವೇ ಕ್ಷಣ ನೂರಾರು ಆಂಪಿಯರ್ ಎಳೆಯುತ್ತದೆ. ಅದಕ್ಕಾಗಿ ಟ್ರ್ಯಾಕ್ಟರ್ ಬ್ಯಾಟರಿಯ ತಟ್ಟೆಗಳು ತೆಳ್ಳಗೆ, ಸಂಖ್ಯೆಯಲ್ಲಿ ಹೆಚ್ಚಾಗಿ ಇರುತ್ತವೆ. ಅದು ಗಂಟೆಗಟ್ಟಲೆ ಬರಿದಾಗುವುದನ್ನು ತಾಳಲಾರದು. ಸಮುದ್ರದ ಮೀನುಗಾರಿಕೆ ದೋಣಿಗಳಲ್ಲಿ ಎಂಜಿನ್ ಚಾಲೂ ಮಾಡಲು ಒಂದು, ದೀಪ ಮತ್ತು ವೈರ್‌ಲೆಸ್ಸಿಗೆ ಇನ್ನೊಂದು ಬ್ಯಾಟರಿ ಇಡುವ ಪದ್ಧತಿಗೆ ಇದೇ ಕಾರಣ. ಎಂಜಿನ್ ನಿಲ್ಲಿಸಿ ಟ್ರ್ಯಾಕ್ಟರ್ ಬ್ಯಾಟರಿಯಿಂದ ಧ್ವನಿವರ್ಧಕ ಹಾಡಿಸುವವರು ಇದನ್ನು ನೆನಪಿಡಬೇಕು.

4. ಖಾತರಿ ಚೀಟಿಯಲ್ಲಿ ದಿನಾಂಕ ಮತ್ತು ಅಂಗಡಿಯ ಮೊಹರು ಹಾಕಿಸಿಕೊಳ್ಳಿ.

ಹಂಗಾಮಿನಲ್ಲಿ ಆರೈಕೆ

ಹದಿನೈದು ದಿನಕ್ಕೊಮ್ಮೆ ಬ್ಯಾಟರಿಯ ಮೇಲ್ಭಾಗವನ್ನು ಒರೆಸಿ. ತೇವವಿರುವ ಧೂಳಿನ ಮೂಲಕ ವಿದ್ಯುತ್ ಸದ್ದಿಲ್ಲದೆ ಸೋರುತ್ತದೆ. ಒಣಗಿದ ಕಬ್ಬಿನ ತರಗು ಸಿಕ್ಕಿಕೊಂಡಿದ್ದರೆ ಕಿಡಿ ತಗುಲಿ ಬೆಂಕಿ ಹತ್ತುವ ಸಂಭವವೂ ಉಂಟು. ಬ್ಯಾಟರಿ ಅಲುಗದಂತೆ ಪಟ್ಟಿಯನ್ನು ಬಿಗಿಗೊಳಿಸಿ. ಉತ್ತ ಹೊಲದ ಕುಲುಕಾಟಕ್ಕೆ ತಟ್ಟೆಗಳ ಲೇಪ ಉದುರುತ್ತದೆ.

ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಒರೆಸಿ. ಸೋಡಾ ನೀರು ಕೋಶಗಳೊಳಗೆ ಇಳಿಯಬಾರದು. ತಂತಿಯನ್ನು ಬಿಗಿಯಾಗಿ ಕೂಡಿಸಿದ ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ಮೈನಸ್ ತಂತಿ, ಕೂಡಿಸುವಾಗ ಕೊನೆಗೆ ಮೈನಸ್ ತಂತಿ. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಟ್ರ್ಯಾಕ್ಟರಿನ ಮೈಗೆ ತಾಗಿ ಕಿಡಿ ಹಾರುತ್ತದೆ.

ಮುಚ್ಚಳ ತೆಗೆಯುವಂಥ ಬ್ಯಾಟರಿಯಾದರೆ ದ್ರವ ತಟ್ಟೆಗಳಿಗಿಂತ 10–15 ಮಿಲಿಮೀಟರ್ ಮೇಲಿರಬೇಕು. ಕಡಿಮೆಯಾದಾಗ ಭಟ್ಟಿ ಇಳಿಸಿದ ನೀರನ್ನು, ಅಂದರೆ ಡಿಸ್ಟಿಲ್ಡ್ ವಾಟರನ್ನು ಮಾತ್ರ ಹಾಕಿ. ನಾಲೆ, ಬಾವಿ, ಕೊಳವೆಬಾವಿ ನೀರಿನ ಲವಣಗಳು ತಟ್ಟೆಗಳನ್ನು ಕೆಡಿಸುತ್ತವೆ. ಆವಿಯಾಗುವುದು ನೀರು, ಆಮ್ಲವಲ್ಲ. ಆದುದರಿಂದ ಆಮ್ಲವನ್ನು ಎಂದೂ ಮೇಲೆ ಸುರಿಯಬೇಡಿ.

ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಚಾಲೂ ಆಗದಿದ್ದರೆ ಒಂದು ನಿಮಿಷ ತಡೆದು ಮತ್ತೆ ಪ್ರಯತ್ನಿಸಿ.

ದೋಷ ಎಲ್ಲಿದೆ?

ಹೊಸ ಬ್ಯಾಟರಿಗೆ ಹಣ ಸುರಿಯುವ ಮುನ್ನ ಮೂರು ಪರೀಕ್ಷೆ ಮಾಡಿ.

ಮೊದಲನೆಯದು, ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ ವೋಲ್ಟ್ ನೋಡುವುದು. 12.6 ಇದ್ದರೆ ಪೂರ್ತಿ, 12.2 ಇದ್ದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದು. ಎರಡನೆಯದು, ಎಂಜಿನ್ ತಕ್ಕ ವೇಗದಲ್ಲಿ ಓಡುತ್ತಿರುವಾಗ ನೋಡುವುದು. ಆಗ 13.8ರಿಂದ 14.4 ವೋಲ್ಟ್ ಇರಬೇಕು. ಇಷ್ಟು ಬಾರದಿದ್ದರೆ ದೋಷ ಆಲ್ಟರ್ನೇಟರಿನಲ್ಲೋ ಸಡಿಲ ಬೆಲ್ಟಿನಲ್ಲೋ ಇದೆ. ಬ್ಯಾಟರಿ ಬದಲಿಸಿ ಫಲವಿಲ್ಲ. ಮೂರನೆಯದು ಹೈಡ್ರೋಮೀಟರ್ ಪರೀಕ್ಷೆ. ನಮ್ಮ ಬಿಸಿ ಹವೆಗೆ ತಯಾರಿಸಿದ ಬ್ಯಾಟರಿಯಲ್ಲಿ ಪೂರ್ತಿ ಚಾರ್ಜ್ ಆದಾಗ ಆಮ್ಲದ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.240–1.250 ಇರುತ್ತದೆ. ಐದು ಕೋಶಗಳು ಸರಿಯಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಕೋಶ ಸತ್ತಿದೆ ಎಂದು ತಿಳಿಯಬೇಕು.

ಹಂಗಾಮು ಮುಗಿದ ಮೇಲೆ

ಇಲ್ಲಿಯೇ ನಮ್ಮ ರೈತರು ಎಡವುವುದು. ಟ್ರ್ಯಾಕ್ಟರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವ ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಮೈನಸ್ ತಂತಿಯನ್ನು ಬಿಚ್ಚಿಡಿ. ಬಳಸದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ಬರಿದಾಗುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಆದುದರಿಂದ ತಂಪಾದ ನೆರಳಿನಲ್ಲಿಟ್ಟು, ತಿಂಗಳಿಗೊಮ್ಮೆ ವೋಲ್ಟ್ ನೋಡಿ, 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಿಸಿ. ಆಂಪಿಯರ್-ಅವರಿನ ಹತ್ತನೇ ಒಂದು ಭಾಗದಷ್ಟು ವಿದ್ಯುತ್ತಿನಲ್ಲಿ, ಅಂದರೆ 80ರ ಬ್ಯಾಟರಿಗೆ 8 ಆಂಪಿಯರಿನಲ್ಲಿ, ನಿಧಾನವಾಗಿ ಮಾಡುವುದು ಉತ್ತಮ.

ಎಂಜಿನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಸಾಲದು. ಚಾಲೂ ಮಾಡಲು ತೆಗೆದ ಶಕ್ತಿಯೇ ಆಗ ಪೂರ್ತಿ ಹಿಂದಿರುಗುವುದಿಲ್ಲ. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಶಕ್ತಿ ಇಳಿಯುತ್ತದೆ ಎಂಬ ನಂಬಿಕೆಯಿದೆ. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸದು.

ಎಚ್ಚರಿಕೆ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಬರುತ್ತದೆ. ಒಂದು ಬೀಡಿಯ ಕಿಡಿಗೆ ಅದು ಸಿಡಿದು ಮುಖಕ್ಕೆ ಆಮ್ಲ ಎರಚಬಹುದು. ಗಾಳಿಯಾಡುವ ಜಾಗದಲ್ಲಿ ಚಾರ್ಜ್ ಮಾಡಿ. ದ್ರವದ ಮಟ್ಟ ನೋಡಲು ಬೆಂಕಿಕಡ್ಡಿ ಗೀರಲೇಬೇಡಿ. ಕೈಗಡಿಯಾರ, ಉಂಗುರ, ಕಡಗಗಳನ್ನು ತೆಗೆದಿಡಿ. ಕಣ್ಣಿಗೆ ಆಮ್ಲ ಬಿದ್ದರೆ ಕೂಡಲೇ ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಬ್ಯಾಟರಿ ಸೊರಗಿದಾಗ ಕೆಲವರು ಕೆಳಗೆ ನಿಂತು, ಸೆಲ್ಫ್ ಮೋಟಾರಿನ ತುದಿಗಳಿಗೆ ಸ್ಕ್ರೂಡ್ರೈವರ್ ಇಟ್ಟು ಚಾಲೂ ಮಾಡುತ್ತಾರೆ. ಟ್ರ್ಯಾಕ್ಟರ್ ಗೇರಿನಲ್ಲಿದ್ದರೆ ಅದು ಆ ಕ್ಷಣವೇ ಮುಂದಕ್ಕೆ ನುಗ್ಗಿ ಚಕ್ರದ ಪಕ್ಕದಲ್ಲಿ ನಿಂತವರ ಮೇಲೆ ಹರಿಯುತ್ತದೆ. ಎಷ್ಟೇ ಅವಸರವಿದ್ದರೂ ಈ ಕೆಲಸ ಕೂಡದು. ಆಸನದಲ್ಲಿ ಕುಳಿತು, ಗೇರು ನ್ಯೂಟ್ರಲ್‌ನಲ್ಲಿರುವುದನ್ನು ನೋಡಿಯೇ ಚಾಲೂ ಮಾಡಬೇಕು.

ಹಳೆಯ ಬ್ಯಾಟರಿಯನ್ನು ಒಡೆಯುವುದು, ಆಮ್ಲವನ್ನು ಕಾಲುವೆಗೆ ಚೆಲ್ಲುವುದು ಸಲ್ಲದು. ಸೀಸ ವಿಷ, ಮಕ್ಕಳಿಗಂತೂ ಹೆಚ್ಚು ಅಪಾಯ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳು ಮರುಬಳಕೆಗೆ ಸೇರಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಹಿಂದಿರುಗಿಸಿದರೆ ಅದರ ಸೀಸಕ್ಕೆ ಬೆಲೆಯೂ ಸಿಗುತ್ತದೆ.

ರೈತ ಬಾಂಧವರು ಎತ್ತಿಗೆ ಗೇಯುವ ದಿನ ಮಾತ್ರ ಮೇವು ಹಾಕಿ, ಉಳಿದ ದಿನ ಮರೆಯುವುದುಂಟೆ? ಬ್ಯಾಟರಿಯೂ ಹಾಗೆಯೇ. ಬಿಡುವಿನ ತಿಂಗಳುಗಳಲ್ಲಿ ಅದರ ಹೊಟ್ಟೆ ತುಂಬಿಸಿಟ್ಟರೆ, ಕಬ್ಬು ಕಡಿದು ಟ್ರೇಲರ್ ತುಂಬಿದ ಬೆಳಗಿನಲ್ಲಿ ಅದು ಕೈಕೊಡುವುದಿಲ್ಲ.