ಪಶುವೈದ್ಯರ ಉತ್ತರ: ಒಂದು ಕಾಲಿಗೆ ಎರಡು ಚಿತ್ರವೇಕೆ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮದು ಭಾಲ್ಕಿ. ನಮ್ಮ ಮೂರು ವರ್ಷದ ನಾಯಿಗೆ ಮೋಟಾರ್ ಸೈಕಲ್ ಬಡಿದು, ಅದು ಬಲ ಮುಂಗಾಲನ್ನು ಊರುತ್ತಿಲ್ಲ. ಎಕ್ಸ್-ರೇ ತೆಗೆಸಲು ಹೋದರೆ ಒಂದೇ ಕಾಲಿಗೆ ಎರಡು ಚಿತ್ರ ಬೇಕೆಂದರು, ಮಂಪರು ಬರುವ ಸೂಜಿ ಮಾಡಬೇಕೆಂದರು. ನಾನೇ ಹಿಡಿದುಕೊಳ್ಳುತ್ತೇನೆಂದರೂ ಒಪ್ಪಲಿಲ್ಲ. ಇಷ್ಟೆಲ್ಲ ಬೇಕೇ?

ಉತ್ತರ: ಬೇಕು, ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಬೀದರಿಗೆ ಬಂದಾಗ ನೀವು ಮಹಮೂದ ಗವಾನನ ಮದರಸೆಯನ್ನು ನೋಡಿಯೇ ಇರುತ್ತೀರಿ. 1472ರ ಆ ಕಟ್ಟಡವನ್ನು ಉತ್ತರದ ಮಗ್ಗುಲಲ್ಲಿ ಮಾತ್ರ ನಿಂತು ನೋಡಿದವನಿಗೆ ಮಿನಾರೂ ಗೋಡೆಯೂ ಅಖಂಡವಾಗಿಯೇ ತೋರುತ್ತವೆ. ಪೂರ್ವದ ಮುಂಭಾಗಕ್ಕೆ ಬಂದು ನಿಂತಾಗಲಷ್ಟೆ ಜೊತೆಯ ಮಿನಾರು ಇಲ್ಲವೆಂಬುದೂ ದಕ್ಷಿಣದ ಭಾಗ ಬಿದ್ದುಹೋಗಿದೆಯೆಂಬುದೂ ಕಣ್ಣಿಗೆ ಬೀಳುತ್ತದೆ. ಮೂಳೆಯ ವಿಷಯವೂ ಹಾಗೆಯೇ. 1895ರ ನವೆಂಬರಿನಲ್ಲಿ ರಂಟ್ಜನ್ ಮಹಾಶಯನು ಕಂಡ ಕ್ಷ-ಕಿರಣವು ನಮಗೆ ಕೊಡುವುದು ನೆರಳನ್ನು. ನೆರಳಿಗೆ ಉದ್ದಗಲಗಳುಂಟು, ಆಳವಿಲ್ಲ. ಮುರಿದ ಮೂಳೆಯ ತುದಿಗಳೆರಡು ಒಂದರ ಹಿಂದೊಂದು ಸರಿದು ನಿಂತಿದ್ದರೆ, ಒಂದು ದಿಕ್ಕಿನಿಂದ ಅವು ಕೂಡಿಕೊಂಡೇ ಇರುವಂತೆ ಕಾಣುತ್ತವೆ. ಆದಕಾರಣ ಮಗ್ಗುಲಿನಿಂದ ಒಂದು, ಅದಕ್ಕೆ ನೇರ ಲಂಬವಾಗಿ ಮುಂದಿನಿಂದ ಹಿಂದಕ್ಕೆ ಇನ್ನೊಂದು, ಹೀಗೆ ಎರಡು ಚಿತ್ರಗಳಿಲ್ಲದೆ ತೀರ್ಪು ಹೇಳಲಾಗದು. ವೃತ್ತಿಯ ಮೊದಲ ವರ್ಷಗಳಲ್ಲಿ, ಮಾಲೀಕರ ಅವಸರಕ್ಕೆ ಮಣಿದು ಒಂದೇ ಚಿತ್ರ ನೋಡಿ ‘ಉಳುಕಷ್ಟೆ’ ಎಂದು ನಾನು ಕಳಿಸಿದ ನಾಯಿಯೊಂದು ಹತ್ತು ದಿನಗಳ ತರುವಾಯ ವಕ್ರವಾಗಿ ಕೂಡತೊಡಗಿದ ಮೂಳೆಯೊಡನೆ ಮರಳಿ ಬಂದಿತು. ಆ ಕಾಲು ಇಂದಿಗೂ ನನ್ನ ಕಣ್ಣ ಮುಂದಿದೆ.

ಮೊದಲ ಚಿತ್ರಕ್ಕೆ ನಿಮ್ಮ ನಾಯಿಯನ್ನು ಬಲ ಮಗ್ಗುಲಿಗೆ, ಅಂದರೆ ನೋವಿರುವ ಕಾಲೇ ಫಿಲ್ಮಿಗೆ ಹತ್ತಿರವಿರುವಂತೆ ಮಲಗಿಸುತ್ತಾರೆ. ದೂರವಾದಷ್ಟೂ ನೆರಳು ಹಿಗ್ಗಿ ಮಸಕಾಗುವುದರಿಂದ ಈ ನಿಯಮ. ಮೇಲಿನ ಎಡಗಾಲನ್ನು ಹಿಂದಕ್ಕೆ ಸರಿಸಿ ಪಟ್ಟಿಯಿಂದ ಕಟ್ಟುತ್ತಾರೆ, ಕೆಳಗಿನದನ್ನು ಮುಂದಕ್ಕೆ ಚಾಚುತ್ತಾರೆ. ಎರಡನೆಯದಕ್ಕೆ ಅದನ್ನು ಎದೆಯ ಮೇಲೆ ಬೋರಲು ಮಲಗಿಸಿ, ಕಾಲನ್ನು ಮುಂದಕ್ಕೆ ನೀಳವಾಗಿ ಇರಿಸಿ, ತಲೆಯನ್ನು ಎತ್ತಿ ಇನ್ನೊಂದು ಬದಿಗೆ ಹೊರಳಿಸಿ ಸ್ಪಂಜಿನ ದಿಂಬಿನ ಮೇಲಿಡುತ್ತಾರೆ. ಮೊಣಕೈ ಹೊರಕ್ಕೆ ಒಂದಿಷ್ಟು ತಿರುಗಿದರೂ ಚಿತ್ರವು ಮುಂದಿನದೂ ಅಲ್ಲ, ಮಗ್ಗುಲಿನದೂ ಅಲ್ಲ, ನಡುವಿನ ಯಾವುದೋ ಓರೆನೋಟವಾಗಿ ಪರಿಣಮಿಸುತ್ತದೆ. ಉದ್ದನೆಯ ಮೂಳೆಯ ಚಿತ್ರದಲ್ಲಿ ಮೇಲಿನ ಕೀಲೂ ಕೆಳಗಿನ ಕೀಲೂ ಇರಲೇಬೇಕು; ಕೀಲಿಗೇ ಪೆಟ್ಟಾಗಿದ್ದರೆ ಕಿರಣವನ್ನು ಆ ಕೀಲಿನ ನಡುವಿಗೇ ಗುರಿಯಿಡಬೇಕು.

ನೋವಿನಿಂದ ನಡುಗುವ ಪ್ರಾಣಿಯು ಈ ಭಂಗಿಗಳಲ್ಲಿ ನಿಶ್ಚಲವಾಗಿರಲೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಅದಕ್ಕಾಗಿಯೇ ಮಂಪರಿನ ಸೂಜಿ. ವಾಹನ ಬಡಿದ ನಾಯಿಗೆ ಅದಕ್ಕೂ ಮುಂಚೆ ಉಸಿರಾಟವನ್ನೂ ಎದೆಯನ್ನೂ ಪರೀಕ್ಷಿಸಬೇಕು, ಏಕೆಂದರೆ ಕಾಲಿನ ಮುರಿತವು ಒಂದೆರಡು ದಿನ ಕಾಯಬಲ್ಲದು, ಗಾಯಗೊಂಡ ಶ್ವಾಸಕೋಶ ಕಾಯಲಾರದು. ಇನ್ನು ನೀವೇ ಹಿಡಿಯುವ ಮಾತು. ನಿಮ್ಮ ಅಕ್ಕರೆ ನನಗೆ ಅರ್ಥವಾಗುತ್ತದೆ. ಆದರೆ ಕಿರಣವು ಪ್ರಾಣಿಯ ದೇಹಕ್ಕೆ ತಾಗಿ ಸುತ್ತಲೂ ಚದರುತ್ತದೆ. ಸೀಸದ ಅಂಗಿಯು ಚದರಿದ ಕಿರಣವನ್ನು ತಡೆಯುವುದೇ ಹೊರತು ನೇರ ಕಿರಣದಲ್ಲಿ ಕೈಯಿಟ್ಟವನನ್ನು ಕಾಯುವುದಿಲ್ಲ. ದೂರವು ಇಮ್ಮಡಿಯಾದರೆ ಕಿರಣದ ಪ್ರಮಾಣ ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ಮರಳಿನ ಚೀಲವೂ ದಿಂಬೂ ಪಟ್ಟಿಯೂ ಹಿಡಿಯಲಿ, ಮನುಷ್ಯರು ದೂರ ನಿಲ್ಲಲಿ; ಗರ್ಭಿಣಿಯರೂ 18 ತುಂಬದ ಮಕ್ಕಳೂ ಆ ಕೋಣೆಯೊಳಗೆ ಇರಲೇಕೂಡದು.

ಭಾಲ್ಕಿಯಿಂದ ಬೀದರಿಗೆ ಕರೆತರುವಾಗ ನಾಯಿಯನ್ನು ತೋಳಿನಲ್ಲಿ ಎತ್ತಿಕೊಳ್ಳದೆ, ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಕಂಬಳಿಯ ಮೇಲೋ ಮಲಗಿಸಿ ತನ್ನಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಕೊಡಬೇಡಿ. ಮಂಪರು ಕೊಡುವುದುಂಟಾದ್ದರಿಂದ ಹೊರಡುವ ಮುನ್ನ ಅನ್ನ ರೊಟ್ಟಿ ಹಾಕಬೇಡಿ.

ಪ್ರಶ್ನೆ: ಔರಾದಿನ ನಮ್ಮ ಹೊಲದ ಮನೆಯಲ್ಲಿ ಆರು ತಿಂಗಳ ಮುಧೋಳ ನಾಯಿಯ ಮರಿ ಇದೆ. ಎರಡು ತಿಂಗಳ ಹಿಂದೆ ಕಟ್ಟೆಯಿಂದ ಬಿದ್ದಿತ್ತು. ಈಗ ಆ ಮುಂಗಾಲು ಬಾಗಿ, ಪಂಜ ಹೊರಕ್ಕೆ ತಿರುಗುತ್ತಿದೆ. ಕ್ಯಾಲ್ಸಿಯಂ ಕೊಡುತ್ತಿದ್ದೇವೆ. ಚೆನ್ನಾಗಿರುವ ಕಾಲಿಗೂ ಎಕ್ಸ್-ರೇ ಬೇಕೆನ್ನುತ್ತಾರೆ, ಏಕೆ?

ಉತ್ತರ: ಮರಿಯ ಮೂಳೆಯ ತುದಿಯಲ್ಲಿ ಬೆಳವಣಿಗೆಗಾಗಿ ಮೃದ್ವಸ್ಥಿಯ ತೆಳುವಾದ ಪದರವಿರುತ್ತದೆ, ಚಿತ್ರದಲ್ಲಿ ಅದು ಕಪ್ಪು ಗೆರೆಯಾಗಿ ಕಂಡು, ಅರಿಯದವರಿಗೆ ಮುರಿತವೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಯಾವುದು ಸಹಜ, ಯಾವುದು ವಿಕಾರವೆಂದು ತಿಳಿಯಲು ಅದೇ ಮರಿಯ ಇನ್ನೊಂದು ಕಾಲಿಗಿಂತ ನಂಬಲರ್ಹವಾದ ಸಾಕ್ಷಿ ಬೇರೆಯಿಲ್ಲ. ಮುಂಗಾಲಿನಲ್ಲಿ ಎರಡು ಮೂಳೆಗಳು ಜೋಡಿಯಾಗಿ ಬೆಳೆಯುತ್ತವೆ. ಬಿದ್ದ ಪೆಟ್ಟಿಗೆ ಹಿಂದಿನ ಮೂಳೆಯ ಕೆಳತುದಿಯ ಪದರ ಮುಚ್ಚಿಹೋದರೆ ಅದು ನಿಲ್ಲುತ್ತದೆ, ಮುಂದಿನದು ಬೆಳೆಯುತ್ತಲೇ ಇದ್ದು ಬಿಲ್ಲಿನಂತೆ ಬಾಗುತ್ತದೆ. ನೀಳಕಾಲುಗಳಿಂದ ಓಡುವುದಕ್ಕೇ ಹುಟ್ಟಿದ ಮುಧೋಳ ತಳಿಗೆ ಇದಕ್ಕಿಂತ ದೊಡ್ಡ ನಷ್ಟವುಂಟೆ? ಮೊಣಕೈಯಿಂದ ಮಣಿಕಟ್ಟಿನವರೆಗೆ, ಎರಡೂ ಕಾಲುಗಳನ್ನು ಒಂದೇ ಭಂಗಿಯಲ್ಲಿ ಇರಿಸಿ, ಎಡ ಬಲಗಳ ಗುರುತನ್ನು ಸೀಸದ ಅಕ್ಷರದಿಂದ ಮೂಡಿಸಿ ತೆಗೆದ ಚಿತ್ರಗಳೇ ಇದನ್ನು ಹೇಳಬಲ್ಲವು. ಮುಚ್ಚಿದ ಪದರವನ್ನು ಕ್ಯಾಲ್ಸಿಯಂ ತೆರೆಯಲಾರದು. ಅಳತೆಮೀರಿ ಕೊಟ್ಟರೆ ಬೆಳೆಯುವ ಮೂಳೆಗೆ ಕೇಡು. ಶಸ್ತ್ರಚಿಕಿತ್ಸೆಗೆ ಬೆಳವಣಿಗೆಯ ದಿನಗಳು ಉಳಿದಿರುವಾಗಲೇ ಬರುವುದು ಮೇಲು. ಈ ವಾರವೇ ಬೀದರಿನ ನಂದಿನಗರದ ಪಶುವೈದ್ಯಕೀಯ ಮಹಾವಿದ್ಯಾಲಯದ ಚಿಕಿತ್ಸಾಲಯಕ್ಕೆ ತೋರಿಸಿ.

ಪ್ರಶ್ನೆ: ಬೀದರ ನಗರದವಳು ನಾನು. ನಮ್ಮ ಬೆಕ್ಕು ಮಾಳಿಗೆಯಿಂದ ಬಿದ್ದು ಹಿಂಗಾಲು ಎಳೆಯುತ್ತಿದೆ. ಅಪರಿಚಿತರು ಮುಟ್ಟಿದರೆ ಪರಚುತ್ತದೆ. ಚಿತ್ರ ತೆಗೆಯುವುದಾದರೂ ಹೇಗೆ?

ಉತ್ತರ: ಬಲಪ್ರಯೋಗದಿಂದಲ್ಲ, ತಾಯಿ. ಬೆಕ್ಕನ್ನು ಒತ್ತಿ ಹಿಡಿದಷ್ಟೂ ಅದು ಹೋರಾಡುತ್ತದೆ. ಟವೆಲಿನಲ್ಲಿ ಮೃದುವಾಗಿ ಸುತ್ತಿ, ಮಂಪರು ಬಂದ ಮೇಲೆ ಸ್ಪಂಜಿನ ತೊಟ್ಟಿಲಿನಂಥ ದಿಂಬಿನಲ್ಲಿ ಅಂಗಾತ ಮಲಗಿಸುತ್ತೇವೆ. ಸೊಂಟದ ಮೂಳೆ ಮುರಿದ ಸಂಶಯವಿರುವಾಗ ಕಾಲುಗಳನ್ನು ನೀಳವಾಗಿ ಎಳೆಯುವುದು ಸಲ್ಲದು. ಕಪ್ಪೆಯ ಕಾಲುಗಳಂತೆ ಅವು ತಾವಾಗಿ ಮಡಿಚಿಕೊಂಡ ಸ್ಥಿತಿಯಲ್ಲಿಯೇ ಬಿಟ್ಟು ಚಿತ್ರ ತೆಗೆಯುತ್ತೇವೆ. ಬೆನ್ನೆಲುಬಿಗೇ ಪೆಟ್ಟಾಗಿದೆಯೆಂದು ತೋರಿದರೆ ದೇಹವನ್ನು ಹೊರಳಿಸುವುದೂ ಇಲ್ಲ, ಯಂತ್ರವನ್ನೇ ಅಡ್ಡಕ್ಕೆ ತಿರುಗಿಸಬಹುದು. ಬೆಕ್ಕು ಚಿಕ್ಕದೆಂದು ಇಡೀ ದೇಹವನ್ನು ಒಂದೇ ಫಿಲ್ಮಿನಲ್ಲಿ ಸೆರೆಹಿಡಿಯುವ ಅಭ್ಯಾಸ ಕೆಲವೆಡೆ ಉಂಟು. ಅಂಚಿಗೆ ಹೋದಂತೆ ನೆರಳು ಓರೆಯಾಗುವುದರಿಂದ ನೋವಿರುವ ಭಾಗಕ್ಕೆ ಬೇರೆ ಚಿತ್ರವನ್ನೇ ಕೇಳಿ.

ಮೂತ್ರ ಮಾಡಿದೆಯೇ ಎಂಬುದನ್ನು ಗಮನಿಸಿ ಬಂದು ಹೇಳಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅದನ್ನು ಕೊಡಲೇಬೇಡಿ. ಮುಚ್ಚಳವಿರುವ ಬುಟ್ಟಿಯಲ್ಲಿ, ಅದು ದಿನವೂ ಮಲಗುವ ಬಟ್ಟೆಯನ್ನು ಒಗೆಯದೆ ಹಾಸಿ, ಮೇಲೊಂದು ದುಪ್ಪಟಿ ಹೊದಿಸಿ ಕತ್ತಲು ಮಾಡಿ ತನ್ನಿ. ತನ್ನದೇ ವಾಸನೆಯ ನಡುವೆ ಅದು ಪರಚುವುದು ಕಡಿಮೆ.