ಹಳೇ ಜಾವಾ ಪೆಟ್ರೋಲ್ ಸೋರುತ್ತಿದೆಯೇ? ಇಲ್ಲಿವೆ ಎಂಟು ಸೂತ್ರಗಳು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಕೊನೆಯ ಯೆಜ್ಡಿ ಬೈಕುಗಳಿಗೂ ಈಗ ಮೂವತ್ತರ ಆಸುಪಾಸಿನ ವಯಸ್ಸು. 1961ರಲ್ಲಿ ಹೊರಬರತೊಡಗಿದ ಜಾವಾಗಳು ಅರವತ್ತು ದಾಟಿವೆ. ಇಂಥ ಗಾಡಿಗಳ ಕಾರ್ಬೊರೇಟರ್ ‘ಓವರ್’ ಹೊಡೆಯುವುದು, ಅಂದರೆ ಪೆಟ್ರೋಲ್ ಉಕ್ಕಿ ಸೋರುವುದು ಮಾಮೂಲು. ಹಾಗೆಂದು ಕಾರ್ಬೊರೇಟರನ್ನೇ ಎಸೆಯಬೇಡಿ. ಸೋರುವ ಜಾಗ ಪತ್ತೆಯಾದರೆ ಅರ್ಧ ರಿಪೇರಿ ಮುಗಿದಂತೆ.

1. ಮೊದಲು ಪೆಟ್ರೋಲ್ ಟ್ಯಾಂಕಿನ ಕಾಕ್ ಮುಚ್ಚಿ. ಪೆಟ್ರೋಲ್ ತೊಟ್ಟಿಕ್ಕುತ್ತಿರುವಾಗ ಕಿಕ್ ಹೊಡೆಯಲೇಬೇಡಿ. ಗಾಡಿಯನ್ನು ಬಯಲಿಗೆ ತಳ್ಳಿ, ಬ್ಯಾಟರಿ ತಂತಿ ಕಳಚಿ, ಪಕ್ಕದಲ್ಲಿ ಒಣ ಮರಳು ಇಟ್ಟುಕೊಳ್ಳಿ.

2. ಒರೆಸಿ, ಕಾದು ನೋಡಿ. ಕಾರ್ಬೊರೇಟರನ್ನು ಒಣಬಟ್ಟೆಯಿಂದ ಒರೆಸಿ ಕಾಕ್ ತೆರೆಯಿರಿ. ಈ ಟೂ-ಸ್ಟ್ರೋಕ್ ಗಾಡಿಗಳ ಪೆಟ್ರೋಲಿನಲ್ಲಿ ಆಯಿಲ್ ಬೆರೆತಿರುವುದರಿಂದ ಪೆಟ್ರೋಲ್ ಆರಿದ ಮೇಲೂ ಜಿಡ್ಡು ಉಳಿಯುತ್ತದೆ. ಆ ಜಿಡ್ಡಿನ ಜಾಡು ಹಿಡಿದು ಮೇಲಕ್ಕೆ ಹೋಗಿ.

3. ಹೊರಗಿನದನ್ನು ಮೊದಲು ಮುಗಿಸಿ. ಸೀಳಿದ ಪೈಪ್, ಸಡಿಲ ಕ್ಲಿಪ್, ಕಾಕಿನ ಹಳೇ ವಾಷರ್, ಇಷ್ಟೇ ಕಾರಣವಿರಬಹುದು. ಸೋರಿದ್ದು ಕಾಕ್ ಆದರೂ ಬೈಗುಳ ಕಾರ್ಬೊರೇಟರಿಗೆ ಬೀಳುತ್ತದೆ.

4. ಗಾಡಿ ನೆಟ್ಟಗೆ ನಿಲ್ಲಿಸಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದಾಗ ಕಾರ್ಬೊರೇಟರ್ ಬೌಲ್‌ನೊಳಗಿನ ಪೆಟ್ರೋಲ್ ಒಂದು ಪಕ್ಕಕ್ಕೆ ಏರಿ ಹೊರಬೀಳಬಹುದು. ತಣ್ಣನೆ ಎಂಜಿನ್ ಎಬ್ಬಿಸಲು ಒತ್ತುವ ಟಿಕ್ಲರ್ ಸಿಕ್ಕಿಹಾಕಿಕೊಂಡಿಲ್ಲವೇ ಎಂಬುದನ್ನೂ ನೋಡಿ. ಅದು ಬೌಲ್‌ನಲ್ಲಿ ತೇಲುವ ಫ್ಲೋಟನ್ನು ಒತ್ತಿ ಹಿಡಿದರೆ ಪೆಟ್ರೋಲ್ ನಿಲ್ಲುವುದೇ ಇಲ್ಲ.

5. ನೀಡಲ್, ಸೀಟ್ ಪರೀಕ್ಷಿಸಿ. ಬೌಲ್ ತುಂಬಿದಾಗ ಫ್ಲೋಟ್ ಮೇಲೇರಿ ನೀಡಲನ್ನು ಸೀಟಿಗೆ ಒತ್ತುತ್ತದೆ, ಪೆಟ್ರೋಲ್ ನಿಲ್ಲುತ್ತದೆ. ನಡುವೆ ಟ್ಯಾಂಕಿನ ತುಕ್ಕಿನ ಒಂದು ಕಣ ಸಿಕ್ಕರೂ ಸಾಕು, ಓವರ್ ಶುರು. ತೊಳೆದು ಗಾಳಿ ಊದಿಸಿ. ನೀಡಲ್ ತುದಿಯಲ್ಲಿ ಉಂಗುರದಂತೆ ಸವೆತದ ಗೆರೆ ಕಂಡರೆ ಬದಲಿಸಿ. ತುಕ್ಕು ಮತ್ತೆ ಬಾರದಂತೆ ಟ್ಯಾಂಕ್ ತೊಳೆಸಿ, ಫಿಲ್ಟರ್ ಹಾಕಿ.

6. ಫ್ಲೋಟ್ ಅಲ್ಲಾಡಿಸಿ. ಒಳಗೆ ‘ಗುಳುಕ್’ ಎಂದರೆ ತೂತಾಗಿದೆ ಎಂದೇ ಅರ್ಥ. ಹಿತ್ತಾಳೆ ಫ್ಲೋಟನ್ನು ಬಿಸಿನೀರಿನಲ್ಲಿ ಅದ್ದಿದರೆ ತೂತಿನಿಂದ ಗುಳ್ಳೆ ಏಳುತ್ತದೆ. ಒಳಗಿನ ಪೆಟ್ರೋಲ್ ಪೂರ್ತಿ ಹೋಗುವವರೆಗೂ ಬೆಸುಗೆಯ ಮಾತು ಬೇಡ, ಬೆಂಕಿಯ ಅಪಾಯವಿದೆ.

7. ರಬ್ಬರ್ ಬದಲಿಸಿ, ಸ್ಕ್ರೂ ಮೇಲೆ ಬಲ ಬೇಡ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. ಹಳೇ ರಬ್ಬರ್ ಅದನ್ನು ತಾಳದೆ ಊದಿಕೊಳ್ಳಬಹುದು, ಬಿರುಕು ಬಿಡಬಹುದು. ಎಥನಾಲ್ ತಾಳುವ ಪೈಪ್, ವಾಷರ್ ಕೇಳಿ ಕೊಳ್ಳಿ. ಸೋರಿಕೆ ನಿಲ್ಲಲೆಂದು ಸ್ಕ್ರೂ ಬಿಗಿಯುತ್ತ ಹೋದರೆ ಮೆದು ಲೋಹದ ಮರೆ ಕಿತ್ತುಬರುತ್ತದೆ, ಅಂಚು ಸೊಟ್ಟಗಾಗುತ್ತದೆ.

8. ಕಾಕ್ ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ. ಗಾಡಿ ನಿಲ್ಲಿಸಿದ ಕೂಡಲೇ ಕೈ ಕಾಕಿಗೆ ಹೋಗಲಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಬೌಲ್ ಖಾಲಿ ಮಾಡಿಡಿ. ಉಳಿದ ಪೆಟ್ರೋಲ್ ಆರಿದರೆ ಆಯಿಲ್ ಅಂಟಾಗಿ ನೀಡಲ್ ಕಚ್ಚಿಕೊಳ್ಳುತ್ತದೆ.

ರಿಪೇರಿ ಮುಗಿದ ಮೇಲೆ ಕಾಕ್ ತೆರೆದು, ಕೆಳಗೆ ಬಿಳಿ ಕಾಗದ ಹಾಸಿ, ಅರ್ಧ ಗಂಟೆ ಪಕ್ಕದಲ್ಲೇ ಇರಿ. ಕಾಗದದ ಮೇಲೆ ಒಂದು ಕಲೆಯೂ ಇಲ್ಲದಿದ್ದರೆ ಮಾತ್ರ ಚಾಮುಂಡಿ ಬೆಟ್ಟದ ದಾರಿ ಹಿಡಿಯಿರಿ.